ಓಮ್ನಿ ಮಾವ

ನಾಲ್ಕು ಜನ ಅಣ್ಣತಮ್ಮಂದಿರಿರುವ ಮನೆತನ ಅಂದರೆ ಅದರಲ್ಲಿ ಒಬ್ಬರಾದರೂ ಓಮ್ನಿ ಮಾವ ಇದ್ದೇ ಇರುತ್ತಾರೆ. ಮಾರುತಿಯವರು 1984ರಲ್ಲಿ ರಸ್ತೆಗಿಳಿಸಿದ ವ್ಯಾನನ್ನು 2019ರಲ್ಲಿ ತಯಾರಿಸುವುದನ್ನೇ ನಿಲ್ಲಿಸಿದರು. ಮಾವ ಓಡಿಸುವುದನ್ನು ನಿಲ್ಲಿಸಿಲ್ಲ. 796 ಸಿಸಿ, ಮೂರೇ ಸಿಲಿಂಡರು, ಎಂಟು ಸೀಟು. ಎಂಟು ಅನ್ನುವುದು ಆರ್‌ಟಿಒ ಲೆಕ್ಕ. ಮಾವನ ಲೆಕ್ಕದಲ್ಲಿ ಮಕ್ಕಳು ಸೀಟಿಗೆ ಬರುವುದಿಲ್ಲ.

“ಮಾರಿಬಿಡಿ ಮಾವ” ಅಂದವರನ್ನು ಅವರು ಮುಂದಿನ ಮದುವೆಗೆ ಬಸ್ಸಿನಲ್ಲಿ ಬರಲು ಬಿಡುತ್ತಾರೆ.

ಕೀ ತಿರುಗಿಸಿದಾಗ ಬರುವ ಸದ್ದಿನಲ್ಲೇ ಅವರು ರೋಗ ಹೇಳಬಲ್ಲರು. ಟಿಕ್ ಟಿಕ್ ಟಿಕ್ ಅಂದರೆ ಬ್ಯಾಟರಿ ಡೌನು, ಇಲ್ಲವೇ ಟರ್ಮಿನಲ್ ಲೂಸು. ಒಂದೇ ಒಂದು ‘ಟಕ್’ ಅಂದು ಸುಮ್ಮನಾದರೆ ಸೆಲ್ಫ್ ಮೋಟಾರು. ಸೆಲ್ಫ್ ಗಿರ್ರೆಂದು ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ, ಪ್ಲಗ್ಗಿಗೆ ಕರೆಂಟಿಲ್ಲ ಅಥವಾ ಪೆಟ್ರೋಲ್ ಬರುತ್ತಿಲ್ಲ. ಇದಿಷ್ಟೂ ಸರಿಯೇ. ಕಷ್ಟ ಏನೆಂದರೆ, ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಆ ಸೀಟಿನ ಮೇಲೆ ಇರುವುದು ಅತ್ತೆ.

‘ಟಕ್’ ಕೇಳಿದ್ದೇ ತಡ, ಅತ್ತೆ ಯಾರೂ ಹೇಳದೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೂವಿನ ಬುಟ್ಟಿ ಹಿಡಿದು ಇಳಿದುಬಿಡುತ್ತಾರೆ. ಮಾವ ಸೀಟು ಎತ್ತಿ, ಸ್ಪಾನರಿನಿಂದ ಸೆಲ್ಫ್ ಮೋಟಾರಿನ ತಲೆಗೆ ಎರಡು ಮೊಟಕುತ್ತಾರೆ. ಒಳಗಿನ ಕಾರ್ಬನ್ ಬ್ರಶ್ ಸವೆದಿದ್ದರೆ ಆ ಏಟಿಗೆ ಎಷ್ಟೋ ಸಲ ಸ್ಟಾರ್ಟ್ ಆಗಿಯೂ ಬಿಡುತ್ತದೆ. ಆಗ ಅವರು ನಮ್ಮೆಲ್ಲರ ಮುಖ ನೋಡುವ ರೀತಿ ಇದೆಯಲ್ಲ, ಅದಕ್ಕೇ ಅವರು ಹೊಸ ಬ್ರಶ್ ಹಾಕಿಸುತ್ತಿಲ್ಲ ಎಂದು ನನ್ನ ಗುಮಾನಿ.

ಮೊಟಕಿದ್ದಕ್ಕೂ ಬಗ್ಗದಿದ್ದರೆ, “ತಳ್ರೋ!” ಸೆಕೆಂಡ್ ಗೇರು, ಕ್ಲಚ್ ಒತ್ತಿ, ಕೀ ಆನ್ ಮಾಡಿ ಮಾವ ಸ್ಟಿಯರಿಂಗ್ ಹಿಂದೆ. ಹಿಂದಿನಿಂದ ರೇಷ್ಮೆ ಪಂಚೆ ಎತ್ತಿ ಕಟ್ಟಿದ ಹೊಸ ಅಳಿಯ. ಈ ಮನೆಯ ಯಾವ ಅಳಿಯನೂ ಮೊದಲ ದೀಪಾವಳಿಗೆ ಗಾಡಿ ತಳ್ಳದೆ ಎಣ್ಣೆಸ್ನಾನ ಮಾಡಿದ್ದಿಲ್ಲ.

ಹೋದ ವರ್ಷ ಮಾತ್ರ ರೋಗ ಮಾವನ ಕೈಗೂ ಸಿಗಲಿಲ್ಲ. ಗಾಡಿ ಹೊರಡುವುದು ಭಾನುವಾರ, ದೇವಸ್ಥಾನಕ್ಕೆ. ಆರು ದಿನ ನಿಂತು ಏಳನೆಯ ದಿನ ಕೀ ತಿರುಗಿಸಿದರೆ ಟಿಕ್ ಸಹ ಇಲ್ಲ. ಟರ್ಮಿನಲ್ಲಿಗೆ ಹಿಡಿದಿದ್ದ ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದರು. ಅತ್ತೆಯ ವ್ಯಾಸಲೀನ್ ಡಬ್ಬಿ ಅದಕ್ಕೇ ಖಾಲಿಯಾಯಿತು. ಹೊಸ ಬ್ಯಾಟರಿ ಬಂತು. ಡೈನಮೊ ರಿಪೇರಿಯಾಯಿತು. ಭಾನುವಾರ ಮತ್ತೆ ಮೌನ.

ಕೊನೆಗೆ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹುಡುಗ ಬಂದ. ಕೀ ತೆಗೆಸಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ನಡುವೆ ಮೀಟರ್ ಇಟ್ಟ. ಎಲ್ಲ ಆಫ್ ಆಗಿರುವ ಗಾಡಿ ಅರ್ಧ ಆಂಪಿಯರ್ ಹತ್ತಿರ ಕುಡಿಯುತ್ತಿತ್ತು. ಫ್ಯೂಸು ಒಂದೊಂದೇ ಕಿತ್ತ, ಮೀಟರ್ ಇಳಿಯಲಿಲ್ಲ. ಫ್ಯೂಸಿಲ್ಲದೆ ಬ್ಯಾಟರಿಯಿಂದ ನೇರ ಹೊರಟಿದ್ದ ಒಂದು ಕೆಂಪು ವೈರನ್ನು ಬೆರಳಲ್ಲಿ ಹಿಡಿದು ನಡೆದ. ಅದು ಹೋಗಿ ನಿಂತದ್ದು ಡ್ಯಾಶ್‌ಬೋರ್ಡಿನ ಗಣಪತಿಯ ಹಿಂದಿದ್ದ ಪುಟ್ಟ ಬಲ್ಬಿನಲ್ಲಿ.

“ಐದು ವ್ಯಾಟ್ ಸಾರ್. ಮೂವತ್ತೈದು ಆಂಪಿಯರ್-ಅವರ್ ಬ್ಯಾಟರಿ ಇದಕ್ಕೆ ನಾಲ್ಕು ದಿನ ಬರಲ್ಲ. ಡೈರೆಕ್ಟ್ ಯಾರು ಕೊಟ್ಟಿದ್ದು?”

“ನಾನೇ. ದೇವರ ದೀಪ ಆರಬಾರದು ಅಂತ.”

ಹುಡುಗ ಆ ವೈರನ್ನು ಫ್ಯೂಸ್ ಸೇರಿಸಿ ಕೀಗೆ ಕೊಡುತ್ತೇನೆಂದ. ಮಾವ ಒಪ್ಪಲಿಲ್ಲ. ಈಗ ಪ್ರತಿ ಭಾನುವಾರ ಸಂಜೆ ಹತ್ತನೇ ನಂಬರ್ ಸ್ಪಾನರ್ ಹಿಡಿದು ನೆಗೆಟಿವ್ ಟರ್ಮಿನಲ್ ಬಿಚ್ಚಿಡುತ್ತಾರೆ. ಹಾಗೆ ಮಾಡಿದರೂ ಗಣಪತಿಯ ದೀಪ ಆರುತ್ತದಲ್ಲ ಮಾವ ಎಂದರೆ, “ದೇವರಿಗೂ ನಿದ್ದೆ ಬೇಡವೇನಯ್ಯ?” ಎನ್ನುತ್ತಾರೆ.

ನಿಮ್ಮ ಓಮ್ನಿ ಮಾವ ಎಲ್ಲಿಗಾದರೂ ಕರೆದರೆ ಖಂಡಿತ ಹೋಗಿ. ಅತ್ತೆ ಪ್ರೀತಿಯಿಂದ ಮುಂದಿನ ಸೀಟು ಬಿಟ್ಟುಕೊಟ್ಟರೆ ಮಾತ್ರ ಒಪ್ಪಿಕೊಳ್ಳಬೇಡಿ.