ಮತ್ತ ಬಿತ್ತು ನೋಡ್ರಿ

ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಕನಸನ್ನು ಯಾರೂ ಕಾಣುವುದಿಲ್ಲ, ಅದು ಬೀಳುತ್ತದೆ. ಮಳೆ ಬಿದ್ದಂತೆ, ತೊಗರಿಯ ಧಾರಣಿ ಬಿದ್ದಂತೆ ಕನಸೂ ಬೀಳುತ್ತದೆ. ಅದರಲ್ಲಿ ಮಲಗಿದವನ ಕೈವಾಡ ಏನೂ ಇರುವುದಿಲ್ಲ. ಒಂದೇ ಕನಸು ಮತ್ತೆ ಮತ್ತೆ ಬೀಳುವ ಗೃಹಸ್ಥನೊಬ್ಬ ಊರಿಗೊಬ್ಬನಂತೆ ಇದ್ದೇ ಇರುತ್ತಾನೆ. ಕಲ್ಯಾಣದ ಮಗ್ಗುಲಿನ ನಾರಾಯಣಪುರದಂಥ ಊರಿನವನಾದರೆ ಕನಸು ಯಾವುದರದ್ದು ಎಂದು ಕೇಳಬೇಕಾಗಿಲ್ಲ. ಅದು ನಿಧಿಯ ಕನಸು.

ಅವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಊರಿನಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ, ಅದರ ಗೋಡೆಯ ಮೇಲೆ ಶಿಲಾಬಾಲಿಕೆಯರಿದ್ದಾರೆ. ಹುಮನಾಬಾದ ಕಡೆಯ ಜಲಸಂಗ್ವಿಯ ಗುಡಿಯಲ್ಲಂತೂ ಒಬ್ಬಳು ಶಾಸನವನ್ನೇ ಬರೆಯುತ್ತ ನಿಂತಿದ್ದಾಳೆ. 1076ರಿಂದ 1126ರವರೆಗೆ ಆರನೆಯ ವಿಕ್ರಮಾದಿತ್ಯ ಇದೇ ಕಲ್ಯಾಣದಿಂದ ರಾಜ್ಯವಾಳಿದ. ಆಮೇಲೆ ಬಿಜ್ಜಳ ಬಂದ, ಅವನ ಭಂಡಾರಿಯಾಗಿ ಬಸವಣ್ಣ ಇದ್ದ. ಯಾರೂ ಓದಲಾರದ ಬರಹವೊಂದನ್ನು ಬಸವಣ್ಣ ಓದಿ ದೊರೆಗೆ ನಿಧಿ ತೋರಿಸಿಕೊಟ್ಟ ಕತೆ ಪುರಾಣಗಳಲ್ಲಿಯೇ ಇದೆ. ಬಸವಣ್ಣ ಬಿಟ್ಟುಹೋದ ದೊಡ್ಡ ಆಸ್ತಿ ವಚನ ಎಂಬುದನ್ನು ಕನಸುಗಾರ ಒಪ್ಪುತ್ತಾನೆ. ಆದರೆ ಭಂಡಾರದ ಲೆಕ್ಕ ಇನ್ನೂ ಮುಗಿದಿಲ್ಲ ಎಂಬುದು ಅವನ ವಾದ.

ಕನಸಿನ ಕಥಾವಸ್ತು ಇಷ್ಟು. ಬಿಳಿ ಗಡ್ಡದ ಅಜ್ಜನೊಬ್ಬ ಬರುತ್ತಾನೆ. ಮಠಕ್ಕೆ ನಡೆದುಕೊಳ್ಳುವವರ ಕನಸಿನಲ್ಲಿ ಅವನ ಕೊರಳಿಗೆ ರುದ್ರಾಕ್ಷಿ, ದರ್ಗಾಕ್ಕೆ ನಡೆದುಕೊಳ್ಳುವವರ ಕನಸಿನಲ್ಲಿ ಹೆಗಲಿಗೆ ಹಸಿರು ಶಾಲು, ಗಡ್ಡ ಒಂದೇ. ಅಜ್ಜ ಮಾತಾಡುವುದಿಲ್ಲ, ಹುಣಸೆಗಿಡದ ಬುಡದತ್ತ ಬೆರಳು ಮಾಡುತ್ತಾನೆ. ಸರ್ಪವೊಂದು ಸರಿದು ದಾರಿ ಬಿಡುತ್ತದೆ. ಹಾರೆ ನೆಲಕ್ಕೆ ಬೀಳುತ್ತದೆ. ಒಂದು ಏಟು, ಎರಡು ಏಟು, ಮೂರನೆಯದಕ್ಕೆ ಠಣ್ ಎಂದು ತಾಮ್ರದ ಸದ್ದು. ಅಲ್ಲಿಗೆ ಎಚ್ಚರ. ಕೊಡದ ಮುಚ್ಚಳ ತೆಗೆಯುವವರೆಗೆ ಕನಸು ಒಂದು ದಿನವೂ ಮುಂದುವರಿದದ್ದಿಲ್ಲ.

ಅವನನ್ನು ನೋಡಬೇಕಾದದ್ದು ಬೆಳಗಿನ ಚಹಾದ ಹೋಟೆಲಿನಲ್ಲಿ. ಬೆಂಚಿನ ಮೇಲೆ ಕುಳಿತು, ಯಾರೂ ಕೇಳದಿದ್ದರೂ, "ರಾತ್ರಿ ಮತ್ತ ಬಿತ್ತು ನೋಡ್ರಿ" ಎನ್ನುತ್ತಾನೆ. ಬಸಿಗೆ ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ ಟೇಬಲ್ಲಿನ ಮೇಲೆ ನಕಾಶೆ ಬರೆಯುತ್ತಾನೆ. ಕಪ್ಪು ಎಂದರೆ ಗುಡಿ, ಬೀಡಿಯ ಕಟ್ಟು ಎಂದರೆ ಹುಣಸೆಗಿಡ, ಅರ್ಧ ಕಡಿದ ಬಿಸ್ಕೀಟು ಎಂದರೆ ಹಾಳುಬಾವಿ. ಬಿಸ್ಕೀಟಿನಿಂದ ಏಳು ಹೆಜ್ಜೆ ಅಳೆದು ಬೆರಳು ಎಲ್ಲಿ ಊರಬೇಕೋ ಅಲ್ಲಿಗೆ ಬರುವ ಹೊತ್ತಿಗೆ ಹೋಟೆಲಿನ ಹುಡುಗ ಒದ್ದೆ ಅರಿವೆಯಿಂದ ಟೇಬಲ್ಲು ಒರೆಸಿ ಹೋಗುತ್ತಾನೆ. ಕೇಳುವವರಿಗೆ ಇದರಿಂದ ನಷ್ಟವಿಲ್ಲ. ಚಹಾದ ಹಣ ಅವರಲ್ಲಿ ಯಾರಾದರೂ ಕೊಟ್ಟಿರುತ್ತಾರೆ, ಜಾಗ ನಾಳೆಗೆ ಉಳಿದಿರುತ್ತದೆ.

"ಅದೇ ಅಜ್ಜ, ಅದೇ ಗಿಡ, ರವಷ್ಟೂ ಫರಕ್ ಇಲ್ಲ" ಎಂದು ಅವನು ಆಣೆ ಮಾಡಿದರೂ ಫರಕು ಬೇಕಾದಷ್ಟಿರುತ್ತದೆ. ಯುಗಾದಿಗೆ ಗಿಂಡಿಯಷ್ಟಿದ್ದದ್ದು ಶ್ರಾವಣಕ್ಕೆ ಕೊಡವಾಗಿ, ದೀಪಾವಳಿಗೆ ಕೊಪ್ಪರಿಗೆಯಾಗುತ್ತದೆ. ಸರ್ಪಕ್ಕೆ ನಡುವೆ ಎಲ್ಲೋ ಇನ್ನೆರಡು ಹೆಡೆ ಮೂಡಿರುತ್ತವೆ. ನೆನಪಿನ ಸ್ವಭಾವವೇ ಹಾಗೆ: ಹೇಳಿದಷ್ಟು ಸಲ ಹೇಳಿದ ಮಾತೇ ಹಳೆಯ ಕನಸಿನ ಜಾಗದಲ್ಲಿ ಕೂತುಬಿಡುತ್ತದೆ. ಕೊನೆಗೆ ಬಿದ್ದದ್ದೆಷ್ಟು, ಹೇಳಿದ್ದೆಷ್ಟು ಎಂದು ಅವನಿಗೇ ತಿಳಿಯದು. ಸುಳ್ಳುಗಾರ ಎಂದರೆ ಮಾತ್ರ ಅನ್ಯಾಯವಾದೀತು.

ಬೀಳುವ ಹೊತ್ತಿಗೂ ಕಾರಣವುಂಟು. ನಿದ್ರೆಯಲ್ಲಿ ಕಣ್ಣಾಲಿಗಳು ರೆಪ್ಪೆಯೊಳಗೇ ವೇಗವಾಗಿ ಓಡಾಡುವ ಘಟ್ಟವನ್ನು 1953ರಲ್ಲಿ ಷಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಈ ಘಟ್ಟ ಬೆಳಗಾಗುತ್ತ ಉದ್ದವಾಗುತ್ತದೆ, ಹೊರಗಿನ ಸದ್ದು ಎಷ್ಟೋ ಸಲ ಕನಸಿನೊಳಗೆ ಹೊಕ್ಕುಬಿಡುತ್ತದೆ. ಊರಿನ ಹಾಲನ್ನು ಕಲ್ಯಾಣಕ್ಕೆ ಒಯ್ಯುವವನು ಬೆಳಗಿನ ಐದಕ್ಕೆ ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಕ್ಯಾನುಗಳನ್ನು ಏರಿಸುತ್ತಾನೆ. ಖಾಲಿ ಕ್ಯಾನು ಕ್ಯಾನಿಗೆ ತಾಗಿದರೆ ಬರುವ ಸದ್ದು ಠಣ್. ಹಾಲಿನವನು ಮದುವೆಗೆ ಹೋದ ದಿನ ಕನಸೂ ರಜೆ. ಕನಸುಗಾರ ಅದನ್ನು ಅಮಾವಾಸ್ಯೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ನಿಧಿಯ ಕನಸು ಈ ಸೀಮೆಯದ್ದಷ್ಟೇ ಅಲ್ಲ. ಅರೇಬಿಯನ್ ನೈಟ್ಸ್‌ನಲ್ಲಿ ಬಗ್ದಾದಿನವನೊಬ್ಬ ಇಂಥದೇ ಕನಸು ನಂಬಿ ಕೈರೋಗೆ ಹೋಗಿ ಪೊಲೀಸರಿಂದ ಏಟು ತಿನ್ನುತ್ತಾನೆ. ಹೊಡೆಸಿದ ಅಧಿಕಾರಿ, ತನಗೂ ಬಗ್ದಾದಿನ ಒಂದು ಮನೆಯಲ್ಲಿ ನಿಧಿಯಿರುವ ಕನಸು ಮೂರು ಸಲ ಬಿದ್ದಿದೆ, ತಾನೇನು ಹೋದೆನೇ ಎಂದು ಗದರುತ್ತಾನೆ. ಅವನು ವರ್ಣಿಸಿದ್ದು ಏಟು ತಿಂದವನ ಮನೆಯನ್ನೇ. ನಾರಾಯಣಪುರದವನು ಬಗ್ದಾದಿನವನಷ್ಟು ದೂರ ಹೋಗುವವನಲ್ಲ. ಹುಣಸೆಗಿಡ ಮನೆಯಿಂದ ಕೂಗಳತೆಯಲ್ಲಿದ್ದರೂ ಅವನು ಹಾರೆ ಮುಟ್ಟಿದ್ದಿಲ್ಲ. ರಾತ್ರಿ ಹಾಳುಗುಡಿಗೆ ಹಾರೆ ಒಯ್ದು ಪೀಠ ಕಿತ್ತುಹಾಕುವವರ ಕುಲ ಬೇರೆ. ಅವರು ಕನಸು ಹೇಳುವುದಿಲ್ಲ, ಅವರನ್ನು ನೋಡಿ ನಗುವಂತೆಯೂ ಇಲ್ಲ.

ಯಾಕೆ ಅಗೆಯಲಿಲ್ಲ ಎಂದರೆ ಅವನ ಬಳಿ ಸರಕಾರದ ಉತ್ತರ ಸಿದ್ಧವಿರುತ್ತದೆ. ಕಾಯ್ದೆಯ ಪ್ರಕಾರ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕು. "ಕೊಪ್ಪರಗಿ ನಾ ತೆಗಿಬೇಕು, ರಸೀದಿ ಅವರು ಕೊಡಬೇಕು, ಯಾಕ ಬೇಕ್ರಿ ಉಸಾಬರಿ?" ಎನ್ನುತ್ತಾನೆ. ಮನೆಯಾಕೆಯ ಅಭಿಪ್ರಾಯ ಬೇರೆ: ಹಿತ್ತಲಿನ ನುಗ್ಗೆಗಿಡಕ್ಕೆ ಒಂದು ಪಾತಿ ಮಾಡಿ ಕೊಡದವನು ಹುಣಸೆಯ ಬುಡ ಅಗೆದಾನೆಯೇ?

ಹಾಲಿನವನು ಗಾಡಿ ನಿಲ್ಲಿಸುವ ಜಾಗವನ್ನು ಹಿಂದಿನ ಓಣಿಗೆ ಬದಲಿಸಿದರೆ ಕನಸು ಬೀಳುವುದು ನಿಲ್ಲುತ್ತದೆ. ಒಂದೆರಡು ವಾರ ಹೋಟೆಲು ಸಪ್ಪಗಾಗುತ್ತದೆ. ಆಮೇಲೆ ಹಿಂದಿನ ಓಣಿಯವನೊಬ್ಬ ಅದೇ ಬೆಂಚಿಗೆ ಬಂದು ಕುಳಿತು ಬಸಿಗೆ ಬೆರಳು ಅದ್ದುತ್ತಾನೆ. ಹಳೆಯ ಕನಸುಗಾರನಿಗೆ ಇದರಿಂದ ಆಶ್ಚರ್ಯವೇನೂ ಆಗುವುದಿಲ್ಲ. "ನಿಧಿ ಜಾಗಾ ಬಿಟ್ಟು ಸರದದ" ಎನ್ನುತ್ತಾನೆ.