ಹೆಬ್ಬೆಟ್ಟಿನ ಅಂಗಡಿ ಇಡುವ ಕ್ರಮ

ಮೊದಲು ಜಾಗ ಹಿಡಿಯಿರಿ. ಜವಳಗೇರಾದಂಥ ಊರು ಸಿಕ್ಕರೆ ಪುಣ್ಯ. ಸಿಂಧನೂರಿನಿಂದ ಮಾನ್ವಿಗೆ ಹೋಗುವ ದಾರಿ, ರಾಷ್ಟ್ರೀಯ ಬೀಜ ನಿಗಮದ ಫಾರ್ಮು, ಸುತ್ತಲೂ ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲಿನ ಗದ್ದೆ. ಆ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡುವ ಹೆಣ್ಣುಮಕ್ಕಳು ಎಷ್ಟೋ ಅಷ್ಟೂ ಜನರ ಹೆಸರಿನಲ್ಲಿ ಖಾತೆ. ಅಂಗಡಿಯನ್ನು ಬ್ಯಾಂಕಿನಿಂದ ದೂರ ಇಡಬೇಕೆಂದು ಹೊಸಬರು ತಿಳಿಯುತ್ತಾರೆ. ತಪ್ಪು. ಬ್ಯಾಂಕಿನ ಬಾಗಿಲು ಕಾಣುವಷ್ಟು ಹತ್ತಿರ ಇಡಿ. ಸಾಲಿನಲ್ಲಿ ನಿಂತು ಸುಸ್ತಾದವಳಿಗೆ ಕೌಂಟರಿನವರೇ, "ಎರಡು ಸಾವಿರಕ್ಕೆಲ್ಲ ಇಲ್ಲಿ ನಿಲ್ಲಬ್ಯಾಡಮ್ಮ, ಹೊರಗ ಹೆಬ್ಬೆಟ್ಟು ಒತ್ತಿ ತೊಗೋ" ಎಂದು ದಾರಿ ತೋರಿಸುತ್ತಾರೆ. ಜಾಹೀರಾತಿಗೆ ನಯಾಪೈಸೆ ಖರ್ಚಿಲ್ಲ.

ಸಾಮಾನು ಹೆಚ್ಚು ಬೇಡ. ಒಂದು ಹಳೆಯ ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮಷೀನು, ಎರಡು ಕಂಪನಿಯ ಸಿಮ್ಮು, ಲಕ್ಷ್ಮಿಯ ಫೋಟೊ, ರಸೀದಿ ಕೊಡುವ ಪ್ರಿಂಟರು. ಪ್ರಿಂಟರು ಕಡ್ಡಾಯ. ಅದರಲ್ಲಿ ಹಾಳೆ ಇರಬಾರದು, ಅಷ್ಟೇ. ಕುರ್ಚಿ ಒಂದೇ ಇರಲಿ, ಅದರಲ್ಲಿ ನೀವು ಕೂಡಿ. ಲ್ಯಾಪ್‌ಟಾಪಿನ ಪರದೆಯನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಎದುರು ನಿಂತವಳಿಗೆ ಲಕ್ಷ್ಮಿ ಕಂಡರೆ ಸಾಕು, ಬ್ಯಾಲೆನ್ಸ್ ಕಾಣಬೇಕಿಲ್ಲ.

ದೆಹಲಿಯಲ್ಲಿ ಇದಕ್ಕೆ 'ಆರ್ಥಿಕ ಒಳಗೊಳ್ಳುವಿಕೆ' ಎನ್ನುತ್ತಾರೆ. ಬಾಯಿಪಾಠ ಮಾಡಿಟ್ಟುಕೊಳ್ಳಿ, ತಪಾಸಣೆಗೆ ಬಂದವರ ಮುಂದೆ ಬೇಕಾಗುತ್ತದೆ. 2014ರ ಆಗಸ್ಟ್ 28ರಂದು ಜನಧನ ಶುರುವಾದ ಮೇಲೆ ಖಾತೆ ತೆರೆದವಳೆಲ್ಲ ಒಳಗೆ ಬಂದಳೆಂದು ಲೆಕ್ಕ. ಒಳಗೆ ಬಂದವಳು ಎಲ್ಲಿ ನಿಲ್ಲಬೇಕೆಂದು ಮಾತ್ರ ಯಾರೂ ಬರೆದಿಲ್ಲ. ನಿಮ್ಮ ಕಟ್ಟೆಯ ಮೇಲೆ ನಿಲ್ಲಿಸಿ.

ಕಸುಬಿನ ಗುಟ್ಟು ಬೇಕಾದರೆ ಕಾಲುವೆ ನೋಡಿ ಬನ್ನಿ. ತುಂಗಭದ್ರಾ ಡ್ಯಾಮು ತುಂಬಿದ ಸುದ್ದಿ ಫೋಟೊ ಸಮೇತ ಪೇಪರಿನಲ್ಲಿ ಬರುತ್ತದೆ, ಕೊನೆಭಾಗದ ರೈತ ಮಾತ್ರ ಒಣ ಕಾಲುವೆಯಲ್ಲಿ ನಿಂತು ಇಂಜಿನಿಯರಿಗೆ ಫೋನ್ ಹಚ್ಚುತ್ತಿರುತ್ತಾನೆ. ನಡುವೆ ತೂಬುಗಳಿವೆ. ತೂಬಿನ ಪಕ್ಕದವನು ಕುಡಿದು ಮಿಕ್ಕಿದ್ದು ಮುಂದಕ್ಕೆ. ಖಜಾನೆಯಿಂದ ಖಾತೆಗೆ ರೊಕ್ಕ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ; ಖಾತೆಯಿಂದ ಸೆರಗಿನ ಗಂಟಿಗೆ ಬರಬೇಕಾದರೆ ನಿಮ್ಮ ಮೇಜು ದಾಟಬೇಕು. ತೂಬು ನೀವೇ. ಮಧ್ಯವರ್ತಿಗಳೇ ಇಲ್ಲದ ವ್ಯವಸ್ಥೆ ಇದೆಂದು ಯಾರಾದರೂ ಭಾಷಣ ಮಾಡಿದರೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ.

ಈಗ 'ಸರ್ವರ್' ಎಂಬ ಶಬ್ದವನ್ನು ಅಭ್ಯಾಸ ಮಾಡಿ. ಬೇಸರದಿಂದ ಹೇಳಬೇಡಿ, ಮಳೆ ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿ.

"ಯಪ್ಪಾ, ರೊಕ್ಕ ಬಿದ್ದಾವೇನ ನೋಡು."

"ಸರ್ವರ್ ಇಲ್ಲ ಯವ್ವಾ. ನಾಳೆ ಬಾ."

"ನಾಳೆ ನಾಟಿಗೆ ಹೋಗಬೇಕಪ್ಪ."

"ಹಂಗಾರ ನಾಡಿದ್ದ ಬಾ."

ಇಷ್ಟೇ ಸಂಭಾಷಣೆ, ಇದರಾಚೆ ಬೆಳೆಸಬೇಡಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಮಂತ್ರಿಗಳು ಓಡಿಬಂದರು, ತಜ್ಞರು ಬಂದರು, ಒಂದು ವಾರದಲ್ಲಿ ಹರಿವ ನೀರಿಗೇ ಅಡ್ಡ ಹಲಗೆ ಇಳಿಸಿದರು. ಸರ್ವರ್ ದಿನಾ ಹೋಗುತ್ತದೆ, ಒಬ್ಬರೂ ಬಂದಿಲ್ಲ. ಸರ್ವರ್ ಇದ್ದಾಗಲೂ ಇಲ್ಲವೆನ್ನಬೇಕಾದ ದಿನಗಳಿರುತ್ತವೆ: ಗಲ್ಲಾದ ರೊಕ್ಕವನ್ನು ನೀವು ಬಡ್ಡಿಗೆ ಬಿಟ್ಟಿರುತ್ತೀರಿ, ಅದು ಸಂಜೆಗೆ ಬರಬೇಕು. ಆಗಲೂ ಇದೇ ಮುಖ ಇರಲಿ. ಸಂಕೋಚಪಡಬೇಡಿ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಮೂರು ಸಲ ಓಡಾಡಿದರೂ ಟಿಕೆಟ್ಟಿಗೆ ಸೊನ್ನೆ. ಹೋದದ್ದು ಮೂರು ದಿನದ ಕೂಲಿ ಮಾತ್ರ, ಅದು ಯಾವ ಪಾಸ್‌ಬುಕ್ಕಿನಲ್ಲೂ ಎಂಟ್ರಿಯಾಗುವುದಿಲ್ಲ.

ಇನ್ನು ಹೆಬ್ಬೆಟ್ಟು. ಇಲ್ಲಿ ಅವಸರ ಮಾಡಬೇಡಿ.

ಹದಿನೈದು ದಿನ ಕೆಸರುನೀರಿನಲ್ಲಿ ನಾಟಿ ಮಾಡಿದ ಬೆರಳನ್ನು ಒಮ್ಮೆ ಹತ್ತಿರದಿಂದ ನೋಡಿ. ತುದಿ ಬೆಳ್ಳಗೆ ಊದಿ, ಆಮೇಲೆ ಸಿಪ್ಪೆ ಸುಲಿದಿರುತ್ತದೆ. ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು. ಹತ್ತಿ ಬಿಡಿಸುವ ಕಾಲದಲ್ಲಾದರೆ ಒಣಗಿದ ಕಾಯಿಯ ತುದಿ ಚುಚ್ಚಿ ಚುಚ್ಚಿ ಗೆರೆಯ ಮೇಲೆ ಗೆರೆ. ಆಧಾರ್ ಮಾಡಿಸಿದ ದಿನ ಇದ್ದ ಬೆರಳು ಇದಲ್ಲವೆಂದು ಮಷೀನು ಕೆಂಪು ತೋರಿಸುತ್ತದೆ. ಕೈ ತೊಳೆದುಕೊಂಡು ಬಾ ಎನ್ನಿ. ತೊಳೆದು ಬಂದ ಮೇಲೆ ಸೆರಗಿನಿಂದ ಒರೆಸಿಕೊ ಎನ್ನಿ. ಒರೆಸಿದ ಮೇಲೆ ತಲೆಗೆ ತಿಕ್ಕಿಕೊಂಡು ಎಣ್ಣೆ ಹತ್ತಿಸಿಕೊ ಎನ್ನಿ. ಬಲಗೈ ಆಯಿತು, ಎಡಗೈ. ಆಕೆ ಉಸಿರು ಬಿಗಿಹಿಡಿದು, ಮೈಭಾರವನ್ನೆಲ್ಲ ಆ ಒಂದು ಬೆರಳಿನ ಮೇಲೆ ಹಾಕಿ ಒತ್ತುತ್ತಾಳೆ. ಆಗ ಮೆಲ್ಲಗೆ, "ಮೆತ್ತಗ ಒತ್ತವ್ವ, ಮಷೀನ್ ಒಡೀತೈತಿ" ಎನ್ನಿ. "ತಪ್ಪಾತಪ್ಪ" ಎನ್ನುತ್ತಾಳೆ. ತಪ್ಪು ತನ್ನದೆಂದು ಅವಳ ಬಾಯಿಂದ ಬಂದಿತೆಂದರೆ ನಿಮ್ಮ ಮುಕ್ಕಾಲು ಕೆಲಸ ಮುಗಿಯಿತು.

ಈಗ ಪರದೆಯ ಮೇಲೆ ಹಸಿರು ಬರುತ್ತದೆ. ಮುಖ ಅಲುಗಿಸಬೇಡಿ. "ಆಗಲಿಲ್ಲ ಯವ್ವಾ, ಇನ್ನೊಮ್ಮೆ ಒತ್ತು" ಎನ್ನಿ. ಎರಡನೆಯ ಒತ್ತಿಗೆ ಬ್ಯಾಲೆನ್ಸ್ ನೋಡಿ, "ಈ ತಿಂಗಳದ್ದು ಇನ್ನೂ ಬಿದ್ದಿಲ್ಲ" ಎಂದುಬಿಡಿ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಿಂಗಳದ್ದು ಯಾವಾಗ ಬೀಳುತ್ತದೆಂದು ಊರಿನಲ್ಲಿ ಯಾರಿಗೂ ನಿಕ್ಕಿ ಗೊತ್ತಿರುವುದಿಲ್ಲ. ಆ ಗೊಂದಲವೇ ನಿಮ್ಮ ಬಂಡವಾಳ, ಬೇರೆ ಬಂಡವಾಳ ಹೂಡಬೇಕಿಲ್ಲ. ಆದರೆ ಎಲ್ಲರಿಗೂ ಹೀಗೆ ಮಾಡಬೇಡಿ. ಕೈಯಲ್ಲಿ ಫೋನ್ ಇದ್ದವಳಿಗೆ ಬೇಡ, ಮಗನನ್ನು ಕರೆತಂದವಳಿಗೆ ಬೇಡ, ಒಬ್ಬಳಿಗೇ ಎರಡು ತಿಂಗಳು ಸಾಲಾಗಿ ಬೇಡವೇ ಬೇಡ. ಸಂಯಮ ಇಲ್ಲದವರಿಗೆ ಈ ಕಸುಬಲ್ಲ, ಅವರು ಮಟ್ಕಾ ಬರೆಯಲಿ. 2023ರಲ್ಲಿ ಬೆಂಗಳೂರಿನ ಕಡೆ ಯಾರೋ ಆಸ್ತಿ ನೋಂದಣಿಯ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ಕದ್ದು ಜನರ ಖಾತೆ ಖಾಲಿ ಮಾಡಿದ್ದು ಪೇಪರಿನಲ್ಲಿ ಬಂದಿತ್ತು. ಓದಿ ನಗು ಬಂತು. ಅಷ್ಟು ಕಷ್ಟ ಯಾಕೆ? ಇಲ್ಲಿ ಬೆರಳು ತಾನಾಗಿ ಬಸ್ಸು ಹತ್ತಿ ಬರುತ್ತದೆ.

ಕೆಲವೊಮ್ಮೆ ನಿಜವಾಗಿಯೂ ಖಾತೆಯಿಂದ ರೊಕ್ಕ ಕಡಿತವಾಗಿ ನಿಮ್ಮ ಮಷೀನಿಗೆ ಉತ್ತರವೇ ಬರುವುದಿಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ: ಇಂಥ ರೊಕ್ಕ ಐದು ದಿನದೊಳಗೆ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ತಿಳಿದಿರಿ, ತಿಳಿಸಬೇಡಿ. ಸೈಬರ್ ವಂಚನೆಗೆ 1930 ಎಂಬ ನಂಬರಿದೆ ಎಂಬುದನ್ನೂ ಇದೇ ಖಾನೆಯಲ್ಲಿ ಇಡಿ. ಆಧಾರದ ಹೆಬ್ಬೆಟ್ಟಿಗೆ ಮನೆಬಾಗಿಲಿನ ಹಾಗೆ ಬೀಗ ಹಾಕಬಹುದೆಂಬುದನ್ನಂತೂ ಹೆಂಡತಿಗೂ ಹೇಳಬೇಡಿ.

ಕೈಗೆ ರೊಕ್ಕ ಕೊಡುವಾಗ ಎರಡು ಸಾವಿರಕ್ಕೆ 1,950 ಕೊಡಿ. ನಿಮ್ಮ ಕಮಿಷನ್ ಬ್ಯಾಂಕಿನಿಂದ ಬರುತ್ತದೆ ನಿಜ. ಇದು ಕಮಿಷನ್ ಅಲ್ಲ, 'ನೆಟ್ ಖರ್ಚು'. ವಿಧವಾ ವೇತನದ 800ಕ್ಕೆ ಐವತ್ತು ಹೆಚ್ಚಾಯಿತು ಅನ್ನಿಸಿದರೆ ಮೂವತ್ತು ಹಿಡಿದುಕೊಳ್ಳಿ, ದೇವರಿದ್ದಾನೆ. ಪಗಾರ ಕೈಗೆ ಬಂದ ಖುಷಿಗೆ ಕೆಲವು ಮುದುಕಿಯರು, "ಚಾ ಕುಡಿ ತಮ್ಮಾ" ಎಂದು ತಾವಾಗಿಯೇ ಹತ್ತು ರೂಪಾಯಿ ಇಡುತ್ತಾರೆ. ಬೇಡವೆನ್ನಬೇಡಿ, ಮನಸ್ಸು ನೋಯುತ್ತದೆ.

ಹಳೆಯ ಕಾಲದವರು ಈ ವ್ಯವಹಾರವನ್ನು ಎಷ್ಟು ಹಾಳು ಮಾಡಿದ್ದರೆಂದರೆ! 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರಿನವರನ್ನೇ ಸೇರಿಸಿ ಸಹಕಾರ ಸಂಘ ಕಟ್ಟಿದರು. ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಕಟ್ಟೆಯ ಮೇಲೆ ಕೂತರೆ ತೂಬಿಗೆ ಜಾಗವೆಲ್ಲಿ? 1928ರಲ್ಲಿ ಉಡುಪಿಯ ಬ್ಯಾಂಕೊಂದು ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಬಿಡದೆ ಏಜೆಂಟನನ್ನು ಮನೆಬಾಗಿಲಿಗೇ ಕಳಿಸಿತು. ಬ್ಯಾಂಕು ಬಡವರ ಮನೆಗೆ ನಡೆದು ಹೋಗುವುದೆಂದರೆ ಏನರ್ಥ? ಈಗ ಸರಿಹೋಗಿದೆ. ಬಡವರೇ ನಡೆಯುತ್ತಾರೆ.

ಬ್ಯಾಂಕುಗಳ ಹೆಸರು ಬದಲಾಗುವುದನ್ನು ಹಬ್ಬದ ಹಾಗೆ ಆಚರಿಸಿ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ಎಸ್‌ಬಿಐ ಆಯಿತು. ತುಂಗಭದ್ರಾ ಗ್ರಾಮೀಣ ಬ್ಯಾಂಕು ಪ್ರಗತಿ ಆಯಿತು, ಪ್ರಗತಿಗೆ ಕೃಷ್ಣ ಸೇರಿ ಪ್ರಗತಿ ಕೃಷ್ಣ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಆಯಿತು. ಆಕೆಯ ಗಂಟಿನಲ್ಲಿ ಇನ್ನೂ ತುಂಗಭದ್ರೆಯ ಪಾಸ್‌ಬುಕ್ಕೇ ಇರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಸುತ್ತಿ. ಅದನ್ನು ಬಿಚ್ಚಿ, ತಲೆಯಾಡಿಸಿ, "ಈ ಬ್ಯಾಂಕೇ ಇಲ್ಲಲ್ಲ ಯವ್ವಾ" ಎನ್ನಿ. ಇದು ಸುಳ್ಳಲ್ಲ, ಆದ್ದರಿಂದ ಹೇಳಲು ಸುಖವಾಗಿರುತ್ತದೆ. ಕೂಡಲೇ ಹೊಸ ಖಾತೆ ತೆರೆಯಿರಿ. ಸರ್ಕಾರದ ರೊಕ್ಕ ಆಧಾರಕ್ಕೆ ಕೊನೆಯಲ್ಲಿ ಜೋಡಿಸಿದ ಖಾತೆಗೇ ಹೋಗಿ ಬೀಳುತ್ತದೆ. ಹಳೆಯ ಖಾತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. 2017ರಲ್ಲಿ ಒಂದು ಮೊಬೈಲ್ ಕಂಪನಿ ಸಿಮ್ಮಿಗೆಂದು ಪಡೆದ ಆಧಾರದಲ್ಲಿ ಗಿರಾಕಿಗಳಿಗೆ ತಿಳಿಯದ ಹಾಗೆ ಖಾತೆ ತೆರೆದು, ಗ್ಯಾಸಿನ ಸಬ್ಸಿಡಿಯೆಲ್ಲ ಅಲ್ಲಿಗೆ ಹರಿದು, ಆಧಾರ ಪ್ರಾಧಿಕಾರ ಕ್ರಮ ಕೈಗೊಳ್ಳಬೇಕಾಯಿತು. ದೊಡ್ಡವರು ದಾರಿ ತೋರಿಸಿದ್ದಾರೆ. ನೀವು ಒಂದು ಖಾತೆಗೆ ಇಷ್ಟು ಎಂಬ ಕಮಿಷನ್ ಎಣಿಸಿಕೊಂಡು, "ಎಲ್ಲಾ ಸರಿ ಮಾಡೀನಿ" ಎಂದು ಕಳಿಸಿ. ಹೊಸ ಖಾತೆಗೆ ವರ್ಷಕ್ಕೆ 436 ರೂಪಾಯಿಯ ಜೀವವಿಮೆ, 20 ರೂಪಾಯಿಯ ಅಪಘಾತ ವಿಮೆ ಹಚ್ಚಿಬಿಡಿ. ಒಳ್ಳೆಯ ವಿಮೆಗಳು, ನಾನೂ ಮಾಡಿಸಿದ್ದೇನೆ. ಮಾಡಿಸಿದ ಸಂಗತಿಯನ್ನು ಮನೆಯವರಿಗೆ ಹೇಳದಿರುವುದರಲ್ಲಿ ನಿಮ್ಮ ಕೌಶಲವಿದೆ. ಸತ್ತ ಮೇಲೆ ಕೇಳಿಕೊಂಡು ಬರುವವರು ಇರಬಾರದು.

ಎರಡನೇ ವರ್ಷ ಮೇಜಿನ ಇನ್ನೊಂದು ತುದಿಯನ್ನು ಮೈಕ್ರೋಫೈನಾನ್ಸಿನ ಹುಡುಗನಿಗೆ ಬಾಡಿಗೆಗೆ ಕೊಡಿ. ಅರ್ಜಿ ನೀವೇ ತುಂಬಿ. ಮನೆಯ ಆದಾಯ ವರ್ಷಕ್ಕೆ ಮೂರು ಲಕ್ಷ ಮೀರಬಾರದು, ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧ ದಾಟಬಾರದು ಎಂದು 2022ರಿಂದ ರಿಸರ್ವ್ ಬ್ಯಾಂಕಿನ ಕಟ್ಟಳೆ. ಹೆದರಬೇಡಿ. ಮೊದಲು ಕಂತು ಎಷ್ಟೆಂದು ಕೇಳಿ, ಅದನ್ನು ದುಪ್ಪಟ್ಟು ಮಾಡಿ ಆದಾಯದ ಕಾಲಮ್ಮಿನಲ್ಲಿ ಬರೆಯಿರಿ. ವಸೂಲಿಗೆ ಹೋದಾಗ ಬಾಯಿ ಮಾಡಬೇಡಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇಟ್ಟಿದೆ. ನೀವು ದೂರ ನಿಂತು ಬೀಡಿ ಸೇದಿ. ಸಾಲದ ಸಂಘದ ಉಳಿದ ಹೆಂಗಸರನ್ನು ಕಂತು ಕಟ್ಟದವಳ ಮನೆಯ ಕಟ್ಟೆಯ ಮೇಲೆ ಕೂಡಿಸಿದರೆ ಸಾಕು. ನಿನ್ನೆಯವರೆಗೆ ಒಂದೇ ಸಾಲಿನಲ್ಲಿ ಸಸಿ ಹಚ್ಚಿದವರು ಇವತ್ತು ಒಬ್ಬಳ ಮುಖ ಒಬ್ಬಳು ನೋಡದೆ ಕೂತಿರುತ್ತಾರೆ. ಮುಂದೆ ಗೃಹಲಕ್ಷ್ಮಿ ಬಿದ್ದ ದಿನ ಮೇಜಿನ ಈ ತುದಿಯಲ್ಲಿ ಹೆಬ್ಬೆಟ್ಟು, ಆ ತುದಿಯಲ್ಲಿ ಕಂತು. ರೊಕ್ಕ ಮೇಜಿನಿಂದ ಇಳಿಯುವುದೇ ಇಲ್ಲ. ಆರ್ಥಿಕ ಬೆಳವಣಿಗೆ ಹೊರಗೆ ಸೋರದ ಹಾಗೆ ನೋಡಿಕೊಳ್ಳುವುದೆಂದರೆ ಇದು.

ಗೋಡೆಗೆ ಕ್ಯೂಆರ್ ಅಂಟಿಸಿ, ಮಾತಾಡುವ ಡಬ್ಬಿಯನ್ನೂ ಇಡಿ, ವ್ಯವಹಾರ ನಗದಿನಲ್ಲೇ ಮಾಡಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆಯವರು ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸಿನವರಿಗೆಲ್ಲ ನೋಟಿಸು ಕೊಟ್ಟಾಗ ಬೆಂಗಳೂರಿನ ಅಂಗಡಿಗಳು ರಾತ್ರೋರಾತ್ರಿ 'ಕ್ಯಾಶ್ ಮಾತ್ರ' ಎಂದು ಬೋರ್ಡು ಬರೆದವು. ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಬಂದಿತ್ತು. ಆಮೇಲೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿ ಹೇಳಿದರು, ಅದು ಬೇರೆ ಮಾತು. ಡಿಜಿಟಲ್ ಆಗುವುದು ಗಿರಾಕಿಯ ಕರ್ತವ್ಯ. ನೀವು ಆಗಬೇಡಿ.

ಇಷ್ಟೆಲ್ಲ ಪಾಲಿಸಿದರೂ ಒಂದು ಅಪಾಯ ಉಳಿಯುತ್ತದೆ. ಒಂದು ದಿನ ಮುದುಕಿಯ ಹಿಂದೆ ಮೊಮ್ಮಗಳು ಬರುತ್ತಾಳೆ. ಸಿಂಧನೂರಿನಲ್ಲಿ ಪಿಯುಸಿ ಓದುವವಳು, ಜಡೆಗೆ ರಿಬ್ಬನ್ನು, ಕೈಯಲ್ಲಿ ಒಡೆದ ಗಾಜಿನ ಫೋನು. ಸಿಂಧನೂರಿನಲ್ಲೇ ಹೊಸ ಸಿಮ್ಮು ತೆಗೆಸಿ ಬ್ಯಾಂಕಿಗೆ ಅದರ ನಂಬರು ಕೊಟ್ಟು ಬಂದಿರುತ್ತಾಳೆ. ಜಗಳ ಮಾಡುವುದಿಲ್ಲ. ನೀವು "ಆಗಲಿಲ್ಲ" ಎನ್ನುವಷ್ಟರಲ್ಲಿ ಆ ಫೋನು ಟಿಂಗ್ ಎನ್ನುತ್ತದೆ. ಆಕೆ ಮೆಸೇಜನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಾಳೆ, ಶಾಲೆಯಲ್ಲಿ ಪಾಠ ಓದಿದ ಹಾಗೆ, ತಾರೀಕು ಸಮೇತ. ಓದಿ ಮುಗಿಸಿ, "ಅಣ್ಣಾರ, ರಸೀದಿ ಕೊಡ್ರಿ" ಎನ್ನುತ್ತಾಳೆ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಚೀಲ ಬಿಚ್ಚಲು ಶುರುಮಾಡುತ್ತಾರೆ.

ಆಗ ಸರ್ವರ್ ಎನ್ನಬೇಡಿ. ಎದ್ದು ನಿಲ್ಲಿ, ನಿಮ್ಮ ಕುರ್ಚಿಯನ್ನು ಮುದುಕಿಗೆ ಕೊಡಿ, ಲಕ್ಷ್ಮಿ ಫೋಟೊದ ಹಿಂದೆ ಇಟ್ಟಿರುವ ಹಾಳೆಯ ಸುರುಳಿ ತೆಗೆದು ಪ್ರಿಂಟರಿಗೆ ಹಾಕಿ.