ಗುಡ್ಡದ ವಸ್ತಿಗೊಬ್ಬ ಕಂಡಕ್ಟರ್

ನಮ್ಮ ಕಡೆಯ ‘ವಸ್ತಿ ಬಸ್ಸು’ ನಿಮಗೆ ಗೊತ್ತಿರಬೇಕು. ರಾತ್ರಿಯ ಕಡೇ ಟ್ರಿಪ್ಪಿಗೆ ಹಳ್ಳಿಗೆ ಹೋಗಿ ಅಗಸಿ ಮುಂದೆ ನಿಂತುಬಿಡುತ್ತದೆ. ನಸುಕಿನಲ್ಲಿ ಹಾಲಿನ ಕ್ಯಾನು, ಕಾಲೇಜು ಹುಡುಗರು, ಕೋರ್ಟಿನಲ್ಲಿ ತಾರೀಖು ಇದ್ದವರು, ಎಲ್ಲರನ್ನೂ ಹೇರಿಕೊಂಡು ತಿರುಗಿ ಬರುತ್ತದೆ. ಅಂಥ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೀಟು ಹರಿದವನು ನಾನು. ಗೋಕಾಕ, ಹುಕ್ಕೇರಿ, ಮೂಡಲಗಿ ಸುತ್ತಲಿನ ಯಾವ ಹನುಮಪ್ಪನ ಗುಡಿಯ ಕಟ್ಟೆ ತಂಪು, ಎಲ್ಲಿ ಸೊಳ್ಳೆ ಜಾಸ್ತಿ, ಯಾವ ಊರಿನ ನಾಯಿಗೆ ಖಾಕಿ ಕಂಡರಾಗುವುದಿಲ್ಲ ಎಂಬುದು ತಲೆಗೆ ಮರೆತರೂ ಬೆನ್ನಿಗೆ ನೆನಪಿದೆ.

ಹೀಗಿದ್ದವನಿಗೆ ಅಕ್ಕನ ಮಗ ಯುಗಾದಿ ಮರುದಿನ ಬಂದು ಹೇಳಿದ: “ಮಾಮಾ, ಗೊಡಚಿನಮಲ್ಕಿ ಕಡೆ ಗುಡ್ಡದ ಮ್ಯಾಲೆ ಎಂಟು ಟೆಂಟ್ ಹಾಕೇನಿ. ಬ್ಯಾಸಗಿ ಮುಗಿಯೂತನಕ ನೀವು ಮ್ಯಾನೇಜರ್ ಆಗಿ ಇರ್ರಿ.”

“ಕೆಲಸ ಏನೋ?”

“ಏನೂ ಇಲ್ಲ. ಮಂದಿ ಬರ್ತಾರ, ರಾತ್ರಿ ಮಲಗ್ತಾರ, ಮುಂಜಾನೆದ್ದು ಹೋಗ್ತಾರ.”

“ಅದಕ್ಕ ವಸ್ತಿ ಅಂತಾರ,” ಅಂದೆ.

“ಅಲ್ಲ ಮಾಮಾ, ಕ್ಯಾಂಪಿಂಗ್ ಅಂತಾರ. ವಸ್ತಿಗೆ ಯಾರೂ ರೊಕ್ಕ ಕೊಡಂಗಿಲ್ಲ.”

ಮನೆಯಾಕೆ ಅಡಿಗೆಮನೆಯಿಂದಲೇ ಕೂಗಿದಳು: “ಮೂವತ್ತೊಂದು ವರ್ಷ ಊರೂರು ಮಲಗಿ ಬಂದದ್ದು ಸಾಲಲಿಲ್ಲೇನ್ರೀ? ಈಗ ಗುಡ್ಡದ ಮ್ಯಾಲೂ ಒಂದು ಮಲಗಬೇಕೇನು?” ಹಾಗೆ ಅನ್ನುತ್ತಲೇ ಶೇಂಗಾ ಹಿಂಡಿ, ಅಗಸಿ ಹಿಂಡಿ, ಐವತ್ತು ಕಟಕ ರೊಟ್ಟಿ ಕಟ್ಟಿದಳು. ಬೈದದ್ದು ಕಡಿಮೆಯೋ ರೊಟ್ಟಿ ಹೆಚ್ಚೋ ಎಂದು ಲೆಕ್ಕ ಹಾಕಿದರೆ ನನ್ನನ್ನು ಕಳಿಸುವ ಆತುರ ಆಕೆಗೇ ಇದ್ದಂತಿತ್ತು.

ಗುಡ್ಡ ಅಂದಕೂಡಲೇ ಮಡಿಕೇರಿಯ ಮಂಜು ನೆನೆಸಿಕೊಳ್ಳಬೇಡಿ. ನಮ್ಮದು ಕಲ್ಲುಗುಡ್ಡ. ಮುಂಜಾನೆ ಒಂಬತ್ತಕ್ಕೆ ಕಾದ ಬಂಡೆ ರಾತ್ರಿ ಒಂಬತ್ತಾದರೂ ಬೆಚ್ಚಗಿರುತ್ತದೆ. ಹಂಚಿನ ಮೇಲಿನ ರೊಟ್ಟಿಯ ಹಾಗೆ ಮಗ್ಗಲು ಬದಲಿಸುತ್ತಾ ಮಲಗಬೇಕು. ಹತ್ತಕ್ಕೆ ಮೇಲೆ ಗಾಳಿ ತಿರುಗುತ್ತದೆ ನೋಡಿ, ಆಗ ಊರಲ್ಲಿ ಕೂಲರ್ ಮುಂದೆ ಬಿದ್ದುಕೊಂಡವರ ಬಗ್ಗೆ ಕನಿಕರ ಹುಟ್ಟುತ್ತದೆ. ಕವಳಿ ಕಂಟಿಗಳಲ್ಲಿ ಹಣ್ಣು ಕರ್ರಗಾಗಿರುತ್ತವೆ. ನಸುಕಿಗೆ ನವಿಲು ಕೂಗುತ್ತದೆ. ಕರೆಂಟಿನ ಕಂಬ ಮಾತ್ರ ಗುಡ್ಡ ಹತ್ತಿಲ್ಲ. ಆ ಮಗ್ಗಲಿಗೆ ಹುಕ್ಕೇರಿ ತಾಲೂಕು, ಅಲ್ಲಿ 1969ರಿಂದ ಸಹಕಾರಿ ಸಂಘವೇ ಮನೆಮನೆಗೆ ಲೈಟು ಕೊಡುತ್ತಿದೆ; ಈ ಮಗ್ಗಲಿಗೆ ಗೋಕಾಕ, ಇಲ್ಲಿ ಹೆಸ್ಕಾಂ. ಎರಡೂ ಕಡೆಯ ದೀಪಗಳನ್ನು ಎಣಿಸುತ್ತಾ ನಾನು ನಡುವೆ ಲಾಟೀನು ಹಿಡಿದು ಕೂತಿದ್ದೆ.

ಬಂದ ಮಂದಿಯ ಮೊದಲ ಪ್ರಶ್ನೆ: “ಫಾಲ್ಸ್ ಎಲ್ಲಿ?”

ಇದು ಅಳಿಯ ಮಾಡಿದ ಅನಾಹುತ. ಮಾರ್ಕಂಡೇಯ ನದಿ ಗೊಡಚಿನಮಲ್ಕಿಯಲ್ಲಿ ಎರಡು ಮೆಟ್ಟಿಲಾಗಿ ಧುಮುಕುತ್ತದೆ, ನಿಜ. ಗೋಕಾಕದಲ್ಲಿ ಘಟಪ್ರಭೆ 170 ಅಡಿ ಬೀಳುತ್ತಾಳೆ, ಅದೂ ನಿಜ. ಆ ನೀರಿನ ಬಲದ ಮೇಲೆ 1887ರಷ್ಟು ಹಿಂದೆಯೇ ಹತ್ತಿಯ ಮಿಲ್ಲು ಓಡಿತು. ಆದರೆ ಅದೆಲ್ಲ ಮಳೆಗಾಲದ ವೈಭವ. ಅಳಿಯ ಜುಲೈ ತಿಂಗಳ ಫೋಟೋ ಹಾಕಿ ಮೇ ತಿಂಗಳಿಗೆ ಬುಕಿಂಗ್ ತೆಗೆದುಕೊಂಡಿದ್ದ. ಒಬ್ಬ ಸಾಫ್ಟ್‌ವೇರ್ ಹುಡುಗ ಫೋನು ಮುಂದೆ ಹಿಡಿದು, ಬತ್ತಿದ ಬಂಡೆ ನೋಡಿ, “ಇದು ಅದೇನಾ ಅಂಕಲ್?” ಅಂದ. “ಅದೇ ತಮ್ಮಾ. ನೀರು ಬಂದಾಗ ಈ ಕಲ್ಲು ನೋಡಬೇಕಂದ್ರ ಸಿಗಂಗಿಲ್ಲ. ಈಗ ನೋಡಿಕೋ,” ಎಂದು ಸಮಾಧಾನ ಮಾಡಿದೆ. ತೀರಾ ಮುಖ ಸಪ್ಪಗೆ ಮಾಡಿದವರನ್ನು ಹಿಡಕಲ್ ಕಡೆ ಕಳಿಸುತ್ತಿದ್ದೆ. 51 ಟಿಎಂಸಿಯ ಆ ಡ್ಯಾಮಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಮುಳುಗಡೆಯಾದ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ. ನೀರಿಲ್ಲದ್ದನ್ನೇ ನೋಡಲು ಹೋಗುವ ಜಾಗವದು. ಅಲ್ಲಿ ಹೋಗಿ ಬಂದವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ.

ಎರಡನೆಯ ಪ್ರಶ್ನೆ: “ಇಲ್ಲಿ ಚಿರತೆ ಇವೆಯಾ?”

“ಚಿರತೆಗೂ ಗುಡ್ಡ ಬ್ಯಾಸರಾಗೇದ್ರಿ. 2022ರ ಆಗಸ್ಟಿನಾಗ ಒಂದು ಬೆಳಗಾವಿಗೇ ವಸ್ತಿ ಬಂದಿತ್ತು, ಗಾಲ್ಫ್ ಮೈದಾನಕ್ಕ. ಸಕ್ರೆಬೈಲಿನ ಆನೆ ತರಿಸಿ ಹುಡುಕಿದ್ರೂ ಸಿಗಲಿಲ್ಲ.” ಬೆಳಗಾವಿಯಿಂದ ಬಂದವರು ಈ ಮಾತಿಗೆ ನಗುತ್ತಿರಲಿಲ್ಲ.

ಮ್ಯಾನೇಜರಕಿಯ ಪುಸ್ತಕ ಯಾವುದೂ ನಾನು ಓದಿಲ್ಲ. ಗೊತ್ತಿದ್ದುದು ವೇಬಿಲ್ ಒಂದೇ. ಅದನ್ನೇ ಬರೆದೆ: ‘ಟೆಂಟ್ 4: ಎರಡು ಫುಲ್, ಒಂದು ಹಾಫ್, ಲಗೇಜ್ ಒಂದು.’ ಲಗೇಜ್ ಅಂದರೆ ಬೆಂಗಳೂರಿನವರು ತಂದ ಸ್ಪೀಕರು. ಜೋಳದ ವಾಡೆಯಷ್ಟು ದೊಡ್ಡದು. ‘ಶಾಂತ ವಾತಾವರಣ ಬೇಕು’ ಎಂದು ಬುಕಿಂಗಿನಲ್ಲಿ ಬರೆದವರೂ ಅವರೇ. ಶಾಂತಿ ಹತ್ತೂವರೆಗೆ ಶುರುವಾಗಿ ರಾತ್ರಿ ಎರಡರ ತನಕ ಗುಡ್ಡವನ್ನು ನಡುಗಿಸಿತು. ನಾನೂ ಬಿಡಲಿಲ್ಲ. ಐದೂವರೆಗೆ ಎದ್ದು, ಮೂವತ್ತೊಂದು ವರ್ಷದ ರೂಢಿಯಂತೆ ಸೀಟಿ ಊದಿದೆ. ಎಂಟೂ ಟೆಂಟಿನ ಜಿಪ್ಪು ಒಮ್ಮೆಲೇ ಬಿಚ್ಚಿದವು.

ಮೂಡಲಗಿಯಿಂದ ಬಂದವರದ್ದು ಬೇರೆ ಕಥೆ. ಅದು ಮನೆಯಾಕೆಯ ತವರು. ‘ನಮ್ಮ ಮಾಂವ ಗುಡ್ಡದ ಮ್ಯಾನೇಜರ್ ಆಗ್ಯಾನಂತ’ ಎಂಬ ಸುದ್ದಿ ಹಬ್ಬಿ, ಒಂದು ಟ್ರ್ಯಾಕ್ಸ್ ತುಂಬ ಹದಿನಾಲ್ಕು ಜನ ಇಳಿದರು. ಬಸ್ಸಿನಲ್ಲಿ ಇಂಥವರಿಗೆ ‘ಪಾಸಿನವರು’ ಅನ್ನುತ್ತೇವೆ. ರೊಕ್ಕ ಕೇಳುವಂತಿಲ್ಲ, ಇಳಿಸುವಂತಿಲ್ಲ, ಕಿಟಕಿ ಸೀಟು ಅವರಿಗೇ. ಅವರ ಜೊತೆಗೆ ಬಂದ ಮನೆಯಾಕೆಯನ್ನು ಚೇಷ್ಟೆಗೆ, “ನಿನ್ನ ಟಿಕೀಟು?” ಎಂದು ಕೇಳಿದೆ. “ನಂದು ಶಕ್ತಿ ಯೋಜನೆ, ಝೀರೋ ಟಿಕೀಟ್ ಹರೀರಿ,” ಅಂದು ಒಂದನೇ ನಂಬರಿನ ಟೆಂಟಿಗೆ ನಡೆದಳು. ಅದು ಹಾದಿಯಿಂದ ಬರುವ ಗಿರಾಕಿಗೆ ಮೊದಲು ಕಾಣುವ ಟೆಂಟು. ನಾಲ್ಕು ದಿನ ಅಲ್ಲಿ ಸೀರೆಗಳು ಒಣಗಿದವು.

ಅತಿಥಿಗಳಿಗೆ ಕೊಡಲೆಂದು ಅಳಿಯ ಹತ್ತು ಡಬ್ಬಿ ಗೋಕಾಕ ಕರದಂಟು ಇಟ್ಟಿದ್ದ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ. ಬಿಸಿಲಿಗೆ ಬೆಲ್ಲ ಮೆತ್ತಗಾಗಿ ಘಮಘಮ ಅನ್ನತೊಡಗಿತು. ಒಂದು ಮಧ್ಯಾಹ್ನ ಮಂಗ್ಯಾಗಳ ಇಡೀ ಸಂಸಾರ ಬಂತು. ಹಿರೇ ಗಡವ ಒಂದು ಡಬ್ಬಿ ಹರಿದು ಹಿಡಿಯಷ್ಟು ಬಾಯಿಗೆ ತುರುಕಿಕೊಂಡಿತು. ಅಂಟು ದವಡೆಗೆ ಹತ್ತಿತು. ಬಾಯಿ ತೆರೆಯಲು ನೋಡುತ್ತದೆ, ಆಗವಲ್ಲದು. ನನಗೆ ಹಲ್ಲು ಕಿಸಿದು ಹೆದರಿಸಬೇಕು, ಅದೂ ಆಗವಲ್ಲದು. ಬಂಡೆಯ ಮೇಲೆ ಕೂತು ಹತ್ತು ನಿಮಿಷ ದವಡೆ ಆಡಿಸುತ್ತಾ ನನ್ನನ್ನೇ ದಿಟ್ಟಿಸಿತು. ಸಂಘದ ಮೀಟಿಂಗಿನಲ್ಲಿ ಲೆಕ್ಕ ಕೇಳಿದಾಗ ಚೇರ್ಮನ್ನರು ಹೀಗೆಯೇ ದಿಟ್ಟಿಸುತ್ತಾರೆ.

ಮೇ ಎರಡನೆಯ ವಾರದಲ್ಲಿ ಎದುರಿನ ಇಳಿಜಾರಿಗೆ ಒಬ್ಬ ಕುರಿಗಾರ ಅಜ್ಜ ಬಂದ. ಪಡುವಣ ಸೀಮೆಯಲ್ಲಿ ಮಳೆ ಹಿಡಿದರೆ ಕುರಿಯ ಗೊರಸು ಕೊಳೆಯುತ್ತವೆ. ಅದಕ್ಕೆ ಮೊದಲೇ ಮೂಡಣಕ್ಕೆ ಹೊರಟಿದ್ದ. ಇನ್ನೂರರ ಮೇಲೆ ಕುರಿ, ಎರಡು ಕುದುರೆ, ಮೂರು ನಾಯಿ, ಸೊಸೆ, ಮೊಮ್ಮಗ. ಕುದುರೆಯ ಬೆನ್ನ ಮೇಲೆ ಬಲೆ, ಗೂಟ, ಭಾಂಡೆ, ಕೋಳಿ. ಎರಡೂ ಮಗ್ಗಲಿಗೆ ಜಾಳಿಗೆಯೊಳಗಿಂದ ಅಂದೇ ಹುಟ್ಟಿದ ಮರಿಗಳ ಮೂತಿ. ಸೊಸೆ ಗೂಟ ಬಡಿದಳು, ಮೊಮ್ಮಗ ಬಲೆ ಸುತ್ತಿದ, ಮೂರು ಕಲ್ಲಿಟ್ಟು ಒಲೆ ಹೂಡಿದರು. ಕಾಲು ತಾಸಿನಲ್ಲಿ ಸಂಸಾರ ನಿಂತಿತು. ನಮ್ಮ ಟೆಂಟು ನಿಲ್ಲಿಸಲು ಪುಣೆಯಿಂದ ಮನುಷ್ಯ ಬಂದು ಮೂರು ದಿನ ತೆಗೆದುಕೊಂಡಿದ್ದ.

ಅಜ್ಜ ಬಂದು ನನ್ನ ಮುಖ ನೋಡಿದ. “ನೀವ ಅಲ್ಲೇನ್ರೀ, ನನ್ನ ಕುರಿಮರಿಗೆ ಲಗೇಜ್ ಟಿಕೀಟ್ ಹರದವರು?”

ನೆನಪಿಲ್ಲ ಅಂದೆ. ನೆನಪಿತ್ತು. ಎಲೆ ಅಡಿಕೆ ಕೊಟ್ಟು ಕೂಡಿಸಿದೆ.

“ಒಂದು ರಾತ್ರಿ ಮಲಗಾಕ ಏನ್ ತಗೋತೀರಿ?”

“ಹದಿನೆಂಟುನೂರು.”

ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ನಕ್ಕ. “ನಾವು ಒಬ್ಬರ ಹೊಲದಾಗ ಕುರಿ ತರಬಿದ್ರ ಹೊಲದವರ ನಮಗ ಕೊಡ್ತಾರ್ರೀ. ಜ್ವಾಳಾನೂ ಕೊಡ್ತಾರ, ರೊಕ್ಕಾನೂ ಕೊಡ್ತಾರ. ಗೊಬ್ಬರ ಆಗ್ತೇತಲ್ಲ.” ಸ್ವಲ್ಪ ತಡೆದು, ನಮ್ಮ ಟೆಂಟುಗಳ ಕಡೆ ಗದ್ದ ಎತ್ತಿ, “ನಿಮ್ಮ ಮಂದೀದು ಏನ್ ಮಾಡ್ತೀರಿ?” ಅಂದ.

ಪಾಯಖಾನೆಯ ಗುಂಡಿಗೆ ಅಳಿಯ ಎಂಬತ್ತು ಸಾವಿರ ಸುರಿದಿದ್ದಾನೆಂದು ಹೇಳುವ ಧೈರ್ಯವಾಗಲಿಲ್ಲ.

ಮೂರನೆಯ ಸಂಜೆ ಅಜ್ಜ ಗೂಟ ಕಿತ್ತ. “ಯಾಕಜ್ಜಾ, ನಾಳೆ ಹೋಗೂಣಂತಿದ್ದಿ?” “ಕುರಿ ಕುಂದ್ರವಲ್ಲವು,” ಅಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದ. ಕುರಿ ಕೂಡದಿದ್ದರೆ ನನಗೇನು ಅಂದುಕೊಂಡೆ. ನನ್ನ ಗಿರಾಕಿಗಳು ಆರಾಮಾಗಿ ಕೂತಿದ್ದರು.

ಒಂಬತ್ತಕ್ಕೆ ಪಡುವಣದಲ್ಲಿ ಮಿಂಚಿತು. ಒಂಬತ್ತೂ ಹತ್ತಕ್ಕೆ ಗಾಳಿ. ಮೂರನೇ ನಂಬರಿನ ಟೆಂಟು ಹುಕ್ಕೇರಿ ತಾಲೂಕಿನ ಕಡೆ, ಆರನೆಯದು ಗೋಕಾಕದ ಕಡೆ ಹೊರಟವು. ಆಮೇಲೆ ಆಲಿಕಲ್ಲು. ಗುಡ್ಡದ ಮೇಲೆ ಸಿಮೆಂಟಿನ ಗೋಡೆ, ಮೇಲೆ ಸ್ಲ್ಯಾಬು ಇದ್ದದ್ದು ಆ ಎಂಬತ್ತು ಸಾವಿರದ ಪಾಯಖಾನೆ ಒಂದಕ್ಕೇ. ಎಲ್ಲರನ್ನೂ ಅದರೊಳಗೆ ಹೊಗಿಸಿದೆ. ಹತ್ತೊಂಬತ್ತು ಜನ, ಒಂದು ಕೂಸು, ಆ ಸ್ಪೀಕರು. ಬಾಗಿಲು ಹಾಕಲು ಬರವಲ್ಲದು. ಆಗ ನನ್ನ ಬಾಯಿಂದ ತಾನಾಗಿ ಬಂತು: “ಒಳಗ ಸರೀರಿ, ಒಳಗ ಸರೀರಿ! ಹಿಂದ ಜಾಗಾ ಐತಿ!” ಬೆಂಗಳೂರಿನ ಹುಡುಗನೊಬ್ಬ ಕತ್ತಲಲ್ಲಿ, “ಅಂಕಲ್, ಹಿಂದೆ ಗೋಡೆ ಇದೆ,” ಅಂದ. ಅಷ್ಟು ಜನರಲ್ಲಿ ಮೊದಲು ನಕ್ಕವಳು ಕೂಸಿನ ತಾಯಿ. ಬಳಿಕ ಯಾರಿಗೂ ನಗು ತಡೆಯಲಾಗಲಿಲ್ಲ. ಮುಕ್ಕಾಲು ತಾಸು ನಿಂತೇ ಇದ್ದೆವು. ಎರಡು ತಿಂಗಳಲ್ಲಿ ಸ್ಪೀಕರ್ ಇಲ್ಲದೆ ಗುಡ್ಡದ ಮೇಲೆ ಮಂದಿ ಒಬ್ಬರಿಗೊಬ್ಬರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಟೆಂಟು ಹುಡುಕಿ ತಂದು ಮತ್ತೆ ನಿಲ್ಲಿಸಿದ್ದೇವೆ. ಈ ಸಲ ಗೂಟ ಅಜ್ಜನ ಸೊಸೆ ಬಡಿದ ರೀತಿಯಲ್ಲಿ, ಓರೆಯಾಗಿ ಬಡಿದಿದ್ದೇನೆ. ಮಿರಗ ಹತ್ತುವ ತನಕ ಇಲ್ಲೇ ಇರುತ್ತೇನೆ. ಬರುವವರು ರೈಲಿಗೆ ಬಂದರೆ ಪಾಶ್ಚಾಪುರದಲ್ಲಿ ಇಳಿಯಿರಿ. ನೀರಿನ ಫೋಟೋ ನಂಬಿ ಬರಬೇಡಿ. ಇನ್ನೊಂದು ಮಾತು. ಫೋನ್ ಪೇ ನಡೆಯುವುದಿಲ್ಲ, ನೆಟ್‌ವರ್ಕ್ ಬೇಕಾದರೆ ಹುಣಸೆಮರ ಹತ್ತಬೇಕು. ರಾತ್ರಿಗೆ ಹದಿನೆಂಟುನೂರು. ನಾಲ್ಕು ಐನೂರರ ನೋಟು ಕೊಟ್ಟರೆ ಇನ್ನೂರು ನನ್ನ ಹತ್ತಿರ ಇರುವುದಿಲ್ಲ, ಪಾವತಿಯ ಹಿಂದೆ ಬಾಕಿ ಬರೆದುಕೊಡುತ್ತೇನೆ. ಬೆಳಿಗ್ಗೆ ಕೇಳಿ ಇಸಕೊಳ್ಳುವುದು ನಿಮ್ಮ ಜವಾಬ್ದಾರಿ. ದಯವಿಟ್ಟು ಚಿಲ್ಲರೆ ತನ್ನಿ.